ನೀರಿಲ್ಲದ ನಾಲ್ಕು ಲೋಟ

ಎಲ್ಲದಕ್ಕೂ ಕಾರಣ ಎಂಟು ಪ್ಲಾಸ್ಟಿಕ್ ಲೋಟ. ಚಟುವಟಿಕೆ ಮೇಷ್ಟ್ರು ಮೂರನೇ ತರಗತಿಯ ಮಕ್ಕಳ ಕೈಯಿಂದಲೇ ಅವಕ್ಕೆ ಮಣ್ಣು ತುಂಬಿಸಿ, ತಲಾ ಎರಡು ಬಟಾಣಿ ಕಾಳು ಊರಿಸಿದ್ದರು. ನಾಲ್ಕಕ್ಕೆ ದಿನಕ್ಕೆ ಎರಡು ಚಮಚ ನೀರು, ಉಳಿದ ನಾಲ್ಕಕ್ಕೆ ಒಂದು ಹನಿಯೂ ಇಲ್ಲ. ‘ನೀರು ಇದೆ’, ‘ನೀರು ಇಲ್ಲ’ ಎಂದು ಚೀಟಿ ಅಂಟಿಸಿ ಕಿಟಕಿಯಲ್ಲಿ ಸಾಲಾಗಿ ಇಟ್ಟ ಮರುದಿನವೇ ಮೇಷ್ಟ್ರು ಜ್ವರದಿಂದ ಮಲಗಿಬಿಟ್ಟರು.

ಹತ್ತು ದಿನ ಕಳೆದು ಬಂದಾಗ ಅಂದೇ ಹನ್ನೊಂದು ಗಂಟೆಗೆ ಶಿಕ್ಷಣ ಇಲಾಖೆಯ ಅಧಿಕಾರಿಗಳ ತಪಾಸಣೆ. ಅವರಿಗೆ ಹಿಡಿಸಿದರೆ ವಾರಕ್ಕೊಂದು ಚಟುವಟಿಕೆ ಪಿರಿಯಡ್ ಉಳಿಯುತ್ತದೆ. ಇಲ್ಲವಾದರೆ ಪಿರಿಯಡ್ ಕಾಗುಣಿತಕ್ಕೆ, ತಾತ್ಕಾಲಿಕ ಕೆಲಸದ ಮೇಷ್ಟ್ರು ಮನೆಗೆ.

ಮೇಷ್ಟ್ರು ಕಿಟಕಿಯತ್ತ ನೋಡಿದರು. ‘ನೀರು ಇದೆ’ ಲೋಟಗಳಲ್ಲಿ ಕಾಳು ಕೊಳೆತು ನಾರುತ್ತಿತ್ತು. ‘ನೀರು ಇಲ್ಲ’ ಲೋಟಗಳಲ್ಲಿ ಬಟಾಣಿ ಗಿಡಗಳು ಮದುವೆ ಮನೆಗೆ ಹೊರಟವರ ಹಾಗೆ ನಳನಳಿಸುತ್ತಿದ್ದವು.

ವಿಚಾರಿಸಿದರೆ ಯಾರೂ ಏನನ್ನೂ ಮುಚ್ಚಿಡಲಿಲ್ಲ. ಮೇಷ್ಟ್ರು ರಜೆಯಲ್ಲಿದ್ದಾರೆಂದು ಗಣಿತದ ಮೇಡಂ ತಮ್ಮ ಬಾಟಲಿಯ ನೀರನ್ನು ‘ನೀರು ಇದೆ’ಗಳಿಗೆ ಸುರಿದಿದ್ದರು. ಹೆಡ್‌ಮಾಸ್ತರು ಬೆಳಿಗ್ಗೆ ಸಂಜೆ ಅದೇ ಲೋಟಗಳಿಗೆ ಒಂದೊಂದು ಮಗ್ ಹೊಯ್ದಿದ್ದರು. ಆಯಾ ಮಾತ್ರ ಬೇಕೆಂದೇ ‘ನೀರು ಇಲ್ಲ’ಗಳಿಗೆ ನೀರುಣಿಸಿ ಸಾಕಿದ್ದಳು.

“ನಾಲ್ಕಕ್ಕೆ ಕುಡಿಸಿ ನಾಲ್ಕನ್ನ ಒಣಗಿಸ್ತೀರಲ್ಲ ಮೇಷ್ಟ್ರೇ, ನಿಮಗೆ ಮಕ್ಕಳಿಲ್ವಾ?” ಎಂದಳು.

ಮೇಷ್ಟ್ರಿಗೆ ಮಕ್ಕಳಿರಲಿಲ್ಲ.

“ಅಯ್ಯೋ, ಇದಕ್ಯಾಕೆ ಇಷ್ಟು ಯೋಚನೆ? ಚೀಟಿ ಅದಲುಬದಲು ಮಾಡಿದ್ರೆ ಮುಗೀತು. ನೀರಿದ್ರೆ ಗಿಡ ಅನ್ನೋ ಪಾಠ ಹೇಗೂ ಸರಿಯಾಗೇ ಇದೆಯಲ್ಲ,” ಎಂದರು ಗಣಿತದ ಮೇಡಂ.

ಪಾಠ ಸರಿಯಾಗಿಯೇ ಇತ್ತು. ಅದೇ ಮೇಷ್ಟ್ರನ್ನು ಸೋಲಿಸಿದ್ದು. ವರ್ಷವಿಡೀ ಮಕ್ಕಳಿಗೆ ಕಣ್ಣಿಗೆ ಕಂಡದ್ದನ್ನೇ ಬರೆಯಿರಿ ಎಂದು ಹೇಳಿದ್ದವರೇ ಹತ್ತೂವರೆಗೆ ಎಂಟೂ ಚೀಟಿ ಕಿತ್ತು ಬದಲಿಸಿ ಅಂಟಿಸಿದರು. ತಿರುಗಿದರೆ ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ನಮಸ್ತೆ ಹೇಳಿ, ತನ್ನ ಜಾಗದಲ್ಲಿ ಕೂತು ಪುಸ್ತಕ ತೆರೆದಳು.

ಅಧಿಕಾರಿಗಳು ಬಂದರು, ಲೋಟ ನೋಡಿದರು, ತಲೆದೂಗಿದರು. ಹೆಡ್‌ಮಾಸ್ತರ ಮುಖ ಊರಗಲವಾಯಿತು. ಹೊರಡುವ ಮುನ್ನ ಅಧಿಕಾರಿಗಳು ಆ ಹುಡುಗಿಯನ್ನು ಎಬ್ಬಿಸಿ, ಲೋಟಗಳ ಬಗ್ಗೆ ಬರೆದದ್ದನ್ನು ಓದಲು ಹೇಳಿದರು. ಅವಳು ದಿನ ಬಿಡದೆ ಎಲ್ಲವನ್ನೂ ಓದಿದಳು. ಮೇಡಂನ ಬಾಟಲಿ, ಹೆಡ್‌ಮಾಸ್ತರ ಮಗ್, ಆಯಾಳ ಕರುಣೆ ಎಲ್ಲ ಸಮಯಸಹಿತ ಹೊರಬಂತು. ಕೊನೆಯ ಸಾಲನ್ನು ಬೆರಳಿಟ್ಟು ನಿಧಾನವಾಗಿ ಓದಿದಳು:

“ಇವತ್ತು ಹತ್ತೂವರೆ. ಮೇಷ್ಟ್ರು ಚೀಟಿ ಬದಲಾಯಿಸಿದರು. ಗಿಡ ಬದಲಾಗಲಿಲ್ಲ.”

ಅಧಿಕಾರಿಗಳು ಪುಸ್ತಕ ತೆಗೆದುಕೊಂಡು ಮೊದಲಿಂದ ಓದಿದರು. ಮೂವತ್ತು ವರ್ಷದ ನೌಕರಿಯಲ್ಲಿ ಮೂರನೇ ತರಗತಿಯ ಮಗು ಹೀಗೆ ಬರೆದದ್ದನ್ನು ಕಂಡಿರಲಿಲ್ಲ ಎಂದರು. ಈ ಪಿರಿಯಡ್ ನಿಲ್ಲಲೇಬಾರದು, ವಾರಕ್ಕೆ ಎರಡಾಗಬೇಕು ಎಂದರು. ಆಮೇಲೆ ಮೇಷ್ಟ್ರ ಕಡೆ ನೋಡದೆ, ಚೀಟಿ ಬದಲಿಸುವವರ ಕೈಗೆ ಮಾತ್ರ ಇಂಥ ಮಕ್ಕಳನ್ನು ಕೊಡಬೇಡಿ ಎಂದು ಹೆಡ್‌ಮಾಸ್ತರಿಗೆ ಹೇಳಿ ಹೊರಟರು. ಎರಡೂ ಪಿರಿಯಡ್ ಗಣಿತದ ಮೇಡಂಗೆ ಹೋದವು.

ಮೇಷ್ಟ್ರು ಚೀಲ ಕಟ್ಟುವಾಗ ಹುಡುಗಿ ಪೆನ್ಸಿಲ್ ಹಿಡಿದು ಪಕ್ಕಕ್ಕೆ ಬಂದಳು.

“ಸರ್, ನೀವು ಯಾಕೆ ಬದಲಾಯಿಸಿದ್ರಿ ಅಂತ ಬರೆದಿಲ್ಲ. ಅದು ನಂಗೆ ಕಾಣಿಸ್ಲಿಲ್ಲ.”

ಮೇಷ್ಟ್ರು ಅವಳ ತಲೆ ಸವರಿದರು. ಹೇಳಲು ಬಾಯಿ ತೆರೆದರು. ಬಾಗಿಲಲ್ಲಿ ಗಣಿತದ ಮೇಡಂ ಹೊಸ ಲೋಟಗಳನ್ನು ಹಿಡಿದು, ಕಿಟಕಿ ಖಾಲಿಯಾಗಲೆಂದು ಕಾಯುತ್ತಿದ್ದರು.