ದೊಡ್ಡ ಸಿಸ್ಟರ್ ಕಟ್ಟಿಕೊಂಡ ಮಾಸ್ಕು

ದವಾಖಾನೆಯಲ್ಲಿ ನಗು ಬರುವುದು ಯಾವಾಗಲೂ ನಗಬಾರದ ಹೊತ್ತಿನಲ್ಲೇ. ಎಂಬತ್ತರ ದಶಕದಲ್ಲಿ ಆಳಂದದ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ ನಾನು ನರ್ಸಾಗಿದ್ದೆ. ಟಿ.ಬಿ. ರೋಗಿಗಳಿಗೆ ಉಸಿರು ಸಿಗದಾದಾಗ ಆಕ್ಸಿಜನ್ ಹಚ್ಚುವುದು, ರಬ್ಬರ್ ಚೀಲ ಒತ್ತಿ ಗಾಳಿ ಕೊಡುವುದು ನಮ್ಮ ದೊಡ್ಡ ಸಿಸ್ಟರ್ ಕೆಲಸ. "ಅವರ ಉಸಿರು ನಮ್ಮ ಎದಿಗೆ ಬರಬಾರದು ನೋಡವ್ವಾ" ಎಂದು ನನಗೆ ದಿನಾ ಹೇಳುತ್ತಿದ್ದರು. ಹೇಳಿ ಏನು ಬಂತು?

ಊದಿನಕಡ್ಡಿ

ಭೂಸನೂರಿನಿಂದ ಒಬ್ಬ ಮುದುಕನನ್ನು ತಂದಿದ್ದರು. ದೊಡ್ಡ ಸಿಸ್ಟರ್ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಆಕ್ಸಿಜನ್ ಹಚ್ಚಿದರು. ಮುದುಕನ ಹೆಂಡತಿಗೆ ಅವಮಾನವಾಯಿತು.

"ನಮ್ಮ ಮನಿಯವರು ಅಷ್ಟು ನಾರ್ತಾರೇನ್ರಿ? ಮುಂಜಾನಿ ಜಳಕ ಮಾಡಿಸೇನ್ರಿ."

"ನಾತಕ್ಕಲ್ರಿ ಅವ್ವಾ, ರೋಗಕ್ಕ."

ಮುದುಕಿ ನಂಬಲಿಲ್ಲ. ಹೊರಗೆ ಹೋಗಿ ನಾತ ಹೋಗಲೆಂದು ಊದಿನಕಡ್ಡಿಯ ಕಟ್ಟು ತಂದು, ಆಕ್ಸಿಜನ್ ಸಿಲಿಂಡರಿನ ಪಕ್ಕದಲ್ಲೇ ಬೆಂಕಿಕಡ್ಡಿ ಗೀರಲು ಕೂತಳು. ದೊಡ್ಡ ಸಿಸ್ಟರ್ ಹಾರಿಬಿದ್ದು ಕಡ್ಡಿಪೆಟ್ಟಿಗೆ ಕಸಿದುಕೊಂಡರು. ಅಂದಿನಿಂದ ಮುದುಕಿ ಎದುರಿದ್ದರೆ ಬಟ್ಟೆ ಕೆಳಗಿಳಿಸಿಯೇ ಕೆಲಸ ಮಾಡತೊಡಗಿದರು. ಯಾಕೆಂದು ಕೇಳಿದೆ.

"ಬಿಚ್ಚಿದ್ರ ನನಗೊಬ್ಬಾಕಿಗೆ ರೋಗ. ಕಟ್ಕೊಂಡ್ರ ದವಾಖಾನಿನೇ ಸುಡ್ತದ."

ಕಿಟಕಿ

ಗಾಳಿ ಆಡಿದರೆ ಸೋಂಕು ಕಡಿಮೆ ಎಂದು ಅವರು ವಾರ್ಡಿನ ಕಿಟಕಿ ತೆರೆಯುತ್ತಿದ್ದರು. "ಥಂಡಿ ಹತ್ತತದ" ಎಂದು ರೋಗಿಗಳ ಮನೆಯವರು ಮುಚ್ಚುತ್ತಿದ್ದರು. ಕೊನೆಗೆ ಬೇಸತ್ತು ಬಡಿಗನನ್ನು ಕರೆಸಿ ಕದಗಳನ್ನೇ ಕೀಳಿಸಿದರು. ಮರುದಿನ ಅಫಜಲಪುರದ ಕಡೆಯಿಂದ ಟ್ರ್ಯಾಕ್ಟರ್ ತುಂಬ ಮಂದಿ ಒಬ್ಬ ರೋಗಿಯನ್ನು ನೋಡಲು ಬಂದರು. ಒಳಗೆ ಬಿಡದ ಕಾರಣ ಎಲ್ಲರೂ ಕಿಟಕಿಗೆ ಮುಖ ಒತ್ತಿ ನಿಂತರು. ಗಾಳಿಯಿರಲಿ, ಬೆಳಕೂ ಬರದಾಯಿತು.

"ಸರೀರಿ, ಗಾಳಿ ಬರಂಗಿಲ್ಲ" ಎಂದು ದೊಡ್ಡ ಸಿಸ್ಟರ್ ಗದರಿದರು.

ಮುಂದಿದ್ದ ಹಿರಿಯ ಸಮಾಧಾನ ಹೇಳಿದ: "ಚಿಂತಿ ಮಾಡಬ್ಯಾಡ್ರಿ ಸಿಸ್ಟರ್. ಕದ ಇಲ್ಲಂತನೇ ನಾವು ಅಡ್ಡ ನಿಂತೇವಿ."

ಅಲಮಾರಿ

ದೊಡ್ಡ ಸಿಸ್ಟರ್ ಕಟ್ಟುತ್ತಿದ್ದ ಬಟ್ಟೆ ಒಗೆದು ಒಗೆದು ಜರಡಿಯಾಗಿತ್ತು. ಹೊಸ ಮಾಸ್ಕುಗಳು ಇರಲಿಲ್ಲವೆಂದಲ್ಲ. ದವಾಖಾನೆಯ ಸಾಮಾನು ನೋಡಿಕೊಳ್ಳುವ ಸ್ಟೋರಿನವರು ಅಲಮಾರಿಯಲ್ಲಿಟ್ಟು ಕೀಲಿ ಹಾಕಿದ್ದರು.

"ದೊಡ್ಡ ಸಾಹೇಬ್ರು ತಪಾಸಣೆಗೆ ಬಂದಾಗ ಕೊಡ್ತೇನಿ. ದಿನಾ ಕಟ್ಕೊಂಡ್ರ ಹೊಲಸಾಗ್ತಾವ."

ಸಾಹೇಬರು ಬಂದ ದಿನ ನಾವೆಲ್ಲ ಬೆಳ್ಳಗೆ ಮಾಸ್ಕ್ ಕಟ್ಟಿಕೊಂಡು ಸಾಲಾಗಿ ನಿಂತೆವು. ತಪಾಸಣೆ ಮುಗಿಸಿ ಹೊರಟ ಅವರ ಜೀಪು ಗೇಟು ದಾಟುವುದರೊಳಗೆ ಎಲ್ಲವೂ ಅಲಮಾರಿ ಸೇರಿದವು.

ಆಗಬಾರದ್ದೇ ಆಯಿತು. ದೊಡ್ಡ ಸಿಸ್ಟರಿಗೇ ಟಿ.ಬಿ. ಬಂತು. ಅವರನ್ನು ಜೀಪಿನಲ್ಲಿ ಸೊಲ್ಲಾಪುರದ ದೊಡ್ಡ ದವಾಖಾನೆಗೆ ಕಳಿಸುವಾಗ ಸ್ಟೋರಿನವರ ಕಣ್ಣಲ್ಲೂ ನೀರು. ಕೀಲಿ ತೆಗೆದು ಒಂದು ಹೊಸ ಮಾಸ್ಕ್ ತಂದು ಕೊಟ್ಟರು.

"ಹಾದ್ಯಾಗ ಮಂದಿ ಇರ್ತಾರ, ಕಟ್ಕೋರಿ. ಬಂದ ಮ್ಯಾಲ ಜಮಾ ಮಾಡ್ರಿ."

ದೊಡ್ಡ ಸಿಸ್ಟರ್ ಕೆಮ್ಮು ಬರುವ ತನಕ ನಕ್ಕರು. ನಾನೂ ನಕ್ಕೆ, ಜೀಪು ಹೋದ ಮೇಲೆ ಅತ್ತೆ.

ರೋಗವೇನೋ ವಾಸಿಯಾಯಿತು, ಎದೆಯಲ್ಲಿ ಶಕ್ತಿ ಉಳಿಯಲಿಲ್ಲ. ಹೊಸ್ತಿಲು ದಾಟಿದರೂ ಏದುಸಿರು. ಅವರು ಮತ್ತೆ ಕೆಲಸಕ್ಕೆ ಬರಲಿಲ್ಲ. ಮಾಸ್ಕನ್ನು ಮಾತ್ರ ಒಗೆದು, ಇಸ್ತ್ರಿ ಮಾಡಿ, ಗಂಡನ ಕೈಯಲ್ಲಿ ಕಳಿಸಿಕೊಟ್ಟರು. ಸ್ಟೋರಿನವರು ಅದನ್ನು ಬೆಳಕಿಗೆ ಹಿಡಿದು ನೋಡಿ, ನಮ್ಮನ್ನೆಲ್ಲ ಕರೆದರು.

"ನೋಡ್ರಿ, ಒಂದು ಕಲೆ ಇಲ್ಲ. ಸರ್ಕಾರಿ ಸಾಮಾನು ಹಿಂಗ ಬಳಸಬೇಕು."