ಜಪಾನಿಗೆ ಹೊರಟ ನಮ್ಮ ಮನೆಯವರ ರಿವರ್ಸ್ ಗೇರು

ದೂರದ ಊರಿಗೆ ಹೋಗುವವರಿಗೆ ಸಾಮಾನ್ಯವಾಗಿ ದಾರಿಯಲ್ಲಿ ಏನಾದರೊಂದು ನಡೆಯುತ್ತದೆ, ಬಂದ ಮೇಲೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಹಾಗಲ್ಲ. ನಡೆಯಬೇಕಾದದ್ದೆಲ್ಲ ಪೆಟ್ಟಿಗೆ ಕಟ್ಟುವ ಮೊದಲೇ ನಡೆದುಬಿಡುತ್ತದೆ. ಮಡಿಕೇರಿಗೆ ಹೊರಟಾಗಲೂ ಅಷ್ಟೇ, ಜಪಾನಿಗೆ ಹೊರಟಾಗಲೂ ಅಷ್ಟೇ.

೧. ಚಪ್ಪಲಿಗಳ ಮುಖ

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಹುಣಸೂರಿನ ಒಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಗಂಟೆ ಹೊಡೆಯುವ ಮೊದಲೇ ನಮ್ಮ ನಮ್ಮ ಜಾಗದಲ್ಲಿರಬೇಕೆಂದು ಅಲ್ಲಿನ ಸಿಸ್ಟರುಗಳು ಕಲಿಸಿದ್ದರು. ಅದನ್ನು ಬೇರೆಯವರಿಗೆ ಕಲಿಸುವುದರಲ್ಲೇ ನನ್ನ ಆಯಸ್ಸು ಕಳೆಯಿತು. ರೋಗಿಗಳನ್ನು ನೋಡಲು ಬರುವವರಿಗೆ ಒಂದು ವೇಳೆ ಇದೆ ಎಂದು ಹೇಳಿ ಹೇಳಿ ಗಂಟಲು ಒಣಗಿತ್ತು. ಪಿರಿಯಾಪಟ್ಟಣದ ಬಸ್ಸಿನಲ್ಲಿ ಬಂದ ನೆಂಟರು ಒಮ್ಮೆ ಬುತ್ತಿ ಬಿಚ್ಚಿದರೆ ಸಂಜೆಯ ಬಸ್ಸಿನವರೆಗೆ ಏಳುತ್ತಿರಲಿಲ್ಲ.

ಆಗ ಭತ್ತದ ನಾಟಿಯ ಹೊಸ ಕ್ರಮ ತೋರಿಸಲು ಜಪಾನಿನ ತಜ್ಞರೊಬ್ಬರು ಕೆ.ಆರ್. ನಗರದ ಹತ್ತಿರ ಸಂಸಾರ ಸಮೇತ ಬಂದು ನೆಲೆಸಿದ್ದರು. ಅವರ ಹೆಂಡತಿಯ ಹೆರಿಗೆ ನಮ್ಮಲ್ಲೇ ಆಯಿತು. ಎದ್ದು ಓಡಾಡುವಂತಾದ ದಿನವೇ ಆಕೆ ವಾರ್ಡಿನ ಬಾಗಿಲಿಗೆ ಹೋದರು. ಅಲ್ಲಿ ಒಂದರ ಮೇಲೊಂದು ಬಿದ್ದಿದ್ದ ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿಯಾಗಿ ಸಾಲಿಗಿಟ್ಟು, ಎಲ್ಲದರ ಮುಖವನ್ನೂ ಹೊರಗಡೆ ತಿರುಗಿಸಿದರು. ಅವರ ದೇಶದಲ್ಲಿ ಅದು ಬಂದವರಿಗೆ ತೋರುವ ಮರ್ಯಾದೆಯಂತೆ. ಹೊರಡುವಾಗ ಕಾಲಿಗೆ ಸುಲಭವಾಗಲಿ ಎಂದು.

ನಮ್ಮ ನೆಂಟರು ಬಾಗಿಲಲ್ಲಿ ನಿಂತು ನೋಡಿದರು.

"ಲೇ, ಎಕ್ಕಡಾನೆಲ್ಲ ಬೀದಿ ಕಡೆ ತಿರುಗ್ಸವ್ರೆ ಕಣ್ಲಾ."

"ಅಂಗಂದ್ರೆ?"

"ಇನ್ನೇನು, ಎದ್ದೋಗಿ ಅಂತ. ಬಾಯ್ಬುಟ್ಟು ಬೇರೆ ಯೋಳ್ಬೇಕಾ?"

ಆಕೆ ಇದ್ದಷ್ಟು ದಿನ ನನ್ನ ವಾರ್ಡು ವೇಳೆಗೆ ಸರಿಯಾಗಿ ಖಾಲಿಯಾಯಿತು. ಆಕೆ ಮಗುವನ್ನೆತ್ತಿಕೊಂಡು ಮನೆಗೆ ಹೋದ ಮೇಲೂ ಬಂದವರಿಗೆ ಆ ಮರ್ಯಾದೆ ಮಾಡುವುದನ್ನು ನಾನು ನಿಲ್ಲಿಸಲಿಲ್ಲ.

೨. ಕರಿಹಲಗೆಯ ಎಂಜಿನ್ನು

ಆ ದಂಪತಿ ತಮ್ಮ ದೇಶಕ್ಕೆ ಹೊರಟ ದಿನ ಕೆ.ಆರ್. ನಗರದ ರೈಲು ನಿಲ್ದಾಣದಲ್ಲಿ ತಜ್ಞರು ನನ್ನ ಮತ್ತು ನಮ್ಮ ಮನೆಯವರ ಕೈ ಹಿಡಿದು ಇಂಗ್ಲಿಷಿನಲ್ಲಿ ಹೇಳಿದರು: "ಮುಂದಿನ ಬೇಸಿಗೆಗೆ ನೀವು ನಮ್ಮಲ್ಲಿಗೆ ಬರಬೇಕು. ಪೇಟೆಗಳನ್ನು ನೋಡಬೇಡಿ, ನಮ್ಮ ಹಳ್ಳಿಗಳನ್ನು ನೋಡಿ. ನನ್ನ ಕಾರನ್ನು ನಿಮಗೆ ಕೊಡುತ್ತೇನೆ, ನೀವೇ ಓಡಿಸಿಕೊಂಡು ಊರಿಂದ ಊರಿಗೆ ಹೋಗಿ. ನಮ್ಮಲ್ಲೂ ನಿಮ್ಮ ಹಾಗೆ ಎಡಗಡೆಯೇ. ಒಂದೇ ಮಾತು. ಗದ್ದೆಗಳ ನಡುವಿನ ದಾರಿಗಳು ಬಹಳ ಕಿರಿದು. ಎದುರಿಗೆ ಇನ್ನೊಂದು ಗಾಡಿ ಬಂದರೆ ಹಿಂದಿನ ತಿರುವಿನವರೆಗೆ ರಿವರ್ಸ್ ಹೋಗಬೇಕು. ರಿವರ್ಸ್ ಬಾರದವರು ಅಲ್ಲಿ ಓಡಿಸಲಾರರು."

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತಕ್ಷಣ "ಓ ಯೆಸ್" ಎಂದುಬಿಟ್ಟರು. ಬರುತ್ತೇವೆಂದು ನಾನೂ ಮಾತು ಕೊಟ್ಟೆ. ರೈಲು ಕಣ್ಮರೆಯಾದ ಮೇಲೆ ನಾನು ಕೇಳಿದೆ:

"ಏನ್ರೀ, ನಿಮಗೆ ಕಾರು ಓಡಿಸೋಕೆ ಬರುತ್ತಾ?"

"ಪ್ರತಿ ವರ್ಷ ಕರಿಹಲಗೆ ಮೇಲೆ ಎಂಜಿನ್ ಬಿಚ್ಚಿ ಜೋಡಿಸ್ತೀನಿ. ಓಡಿಸೋದು ಏನು ಮಹಾ!"

ನಾನು ಆಡಿದ ಮಾತಿಗೆ ತಪ್ಪಿದವಳಲ್ಲ. ಬೇಸಿಗೆಗೆ ರಜೆ ಕೇಳಿದೆ, ನಮ್ಮ ಡಾಕ್ಟರಮ್ಮ ಒಪ್ಪಿದರು. ಪಾಸ್‌ಪೋರ್ಟಿನ ಓಡಾಟವೂ ಮುಗಿಯಿತು. ಮೇಟ್ರನಮ್ಮ ಜಪಾನಿಗೆ ಹೋಗುತ್ತಾರೆಂದು ಹುಣಸೂರಿಗೆಲ್ಲ ಗೊತ್ತಾಯಿತು. ಉಳಿದದ್ದು ಇವರ ಲೈಸೆನ್ಸ್ ಒಂದೇ. ಅದು ಸಿಗದಿದ್ದರೆ ಜಪಾನೂ ಇಲ್ಲ, "ಯಾಕಮ್ಮಾ ಹೋಗಲಿಲ್ಲ?" ಎಂದು ಕೇಳುವ ಊರಿನ ನಡುವೆ ನಾನು ತಲೆಯೆತ್ತಿ ಓಡಾಡುವುದೂ ಇಲ್ಲ. ನಾನೇ ಕಲಿಯಬಹುದಿತ್ತು. ಆದರೆ ದಾರಿ ನೋಡಿಕೊಳ್ಳಲು, ತಪ್ಪು ತಿದ್ದಲು ಒಬ್ಬರು ಬೇಕಲ್ಲ.

ಪೇಟೆಯಲ್ಲಿ ಟ್ಯಾಕ್ಸಿ ಇಟ್ಟುಕೊಂಡಿದ್ದ ಸಾಹೇಬರೊಬ್ಬರು ಕಲಿಸಲು ಒಪ್ಪಿದರು. ಅವರ ಕಾರು ಹಳೆಯದು, ಆದರೆ ಮಗಳನ್ನು ಸಾಕಿದ ಹಾಗೆ ಸಾಕಿದ್ದರು. ಮೈದಾನದಲ್ಲಿ ಪಾಠ. ಮುಂದೆ ಅವರಿಬ್ಬರು, ಹಿಂದಿನ ಸೀಟಿನಲ್ಲಿ ನಾನು.

"ಮೇಷ್ಟ್ರೇ, ಈಗ ಕ್ಲಚ್ ಒತ್ತಿ, ಗೇರ್ ಬದಲಾಯಿಸಿ."

"ಕ್ಲಚ್ ಒತ್ತಿದರೆ ಒಳಗೆ ಏನಾಗುತ್ತೆ ಗೊತ್ತಾ ಸಾಹೇಬ್ರೇ? ಎರಡು ತಟ್ಟೆ ಇದೆ ಅಂತ ಇಟ್ಕೊಳ್ಳಿ."

"ಇಟ್ಕೊಂಡೆ. ಒತ್ತಿ."

"ಒಂದು ತಟ್ಟೆ ತಿರುಗ್ತಾ ಇರುತ್ತೆ…"

"ಅರೆ ಮೇಷ್ಟ್ರೇ, ಹುಣಸೆಮರ ಬರ್ತಾ ಇದೆ!"

"ಮರ ಎಲ್ಲಿ ಬರುತ್ತೆ ಸಾಹೇಬ್ರೇ? ಮರ ನಿಂತಿದೆ. ನಾವು ಹೋಗ್ತಾ ಇದ್ದೀವಿ."

ಸಾಹೇಬರು ಹ್ಯಾಂಡ್ ಬ್ರೇಕ್ ಎಳೆದು, ಮರಕ್ಕೂ ದೇವರಿಗೂ ಒಟ್ಟಿಗೆ ಸಲಾಂ ಹಾಕಿದರು.

ಮುಂದಕ್ಕೆ ಓಡಿಸುವುದು ಹೇಗೋ ಬಂತು. ರಿವರ್ಸ್ ಮಾತ್ರ ಬರಲೊಲ್ಲದು. ಇವರು ಕತ್ತು ತಿರುಗಿಸುತ್ತಿರಲಿಲ್ಲ, ಕನ್ನಡಿ ನೋಡುತ್ತಿದ್ದರು. ಕನ್ನಡಿಯಲ್ಲಿ ನಾನು ಕಾಣುತ್ತಿದ್ದೆ. ಕೂಡಲೇ ಸ್ಟಿಯರಿಂಗು ಎತ್ತೆತ್ತಲೋ ತಿರುಗುತ್ತಿತ್ತು.

ಕೊನೆಗೆ ಸಾಹೇಬರು ಬಹಳ ಮರ್ಯಾದೆಯಿಂದ ಹೇಳಿದರು: "ಅಮ್ಮಾವ್ರೇ, ತಪ್ಪು ತಿಳ್ಕೋಬೇಡಿ. ರಿವರ್ಸ್ ಹೊತ್ತಿಗೆ ತಾವು ಸ್ವಲ್ಪ ಇಳಿದು ದೂರ ನಿಂತ್ರೆ ಮೇಷ್ಟ್ರಿಗೆ ಧೈರ್ಯ ಬರುತ್ತೆ."

ಇಳಿದೆ. ಮೈದಾನದ ಆ ತುದಿಗೆ ಹೋಗಿ ಒಂದು ಬೇವಿನ ಮರದ ಕೆಳಗೆ ನಿಂತೆ. ಇವರಿಗೆ ಧೈರ್ಯ ಬಂತು. ಕಾರು ಅಷ್ಟು ದೊಡ್ಡ ಮೈದಾನವನ್ನೆಲ್ಲ ಬಿಟ್ಟು, ಹಿಂದುಮುಂದಾಗಿ, ನೇರವಾಗಿ ಆ ಬೇವಿನ ಮರಕ್ಕೇ ಬಂತು.

೩. ಕೈ ಅಡ್ಡ

ಮೈದಾನ ಸಾಕು, ರಸ್ತೆಗೆ ಹೋಗೋಣ ಎಂದರು ಸಾಹೇಬರು. ಹಾಗಾದರೆ ಜಪಾನಿನಲ್ಲಿ ಹೇಗೆ ಹೋಗುತ್ತೇವೋ ಹಾಗೆಯೇ ಹೋಗೋಣ ಎಂದೆ ನಾನು. ದಾರಿ ನೋಡುವುದು ನಾನು, ಓಡಿಸುವುದು ಇವರು, ನಡುವೆ ಯಾರನ್ನೂ ಮಾತಾಡಿಸುವಂತಿಲ್ಲ. ಅಭ್ಯಾಸವಾಗಲಿ ಎಂದು ತಜ್ಞರು ಕೊಟ್ಟುಹೋಗಿದ್ದ ಜಪಾನಿನ ನಕ್ಷೆಯನ್ನೂ ತೊಡೆಯ ಮೇಲೆ ಹರಡಿಕೊಂಡು, ಸಾಹೇಬರನ್ನು ಮುಂದೆ ಕೂರಿಸಿಕೊಂಡು ಗಾವಡಗೆರೆಯ ಕಡೆ ಹೊರಟೆವು.

ಊರು ದಾಟಿದ ಕೂಡಲೇ ಒಬ್ಬ ಮುದುಕರು ಕೈ ಅಡ್ಡ ಹಾಕಿದರು. ಅವರ ಮಗ ಇವರ ಶಿಷ್ಯ. ನಿಲ್ಲಿಸಿದರು. ನಮ್ಮ ಕಡೆ ಖಾಲಿ ಕಾರು ಕೈ ಅಡ್ಡ ಹಾಕಿದವರನ್ನು ಬಿಟ್ಟುಹೋದರೆ, ಮರುದಿನ ಆ ಊರಿನಲ್ಲಿ ಕುಡಿಯುವ ನೀರೂ ಸಿಗುವುದಿಲ್ಲ. ಇನ್ನೂ ಮುಂದೆ ಹೋದರೆ ಇಬ್ಬರು ಹೆಂಗಸರು, ಅವರ ಕೋಳಿಗಳು, ಒಂದು ಬೆಲ್ಲದ ಮೂಟೆ. ಕೊನೆಗೆ ಒಬ್ಬ ಅಜ್ಜಿ ನನ್ನ ಪಕ್ಕದಲ್ಲಿ, ಅರ್ಧ ಜಪಾನಿನ ಮೇಲೆಯೇ ಕುಳಿತಿತು.

"ಎಲ್ಲಿಗವ್ವ ಸವಾರಿ?"

"ಎಲ್ಲಿಗೂ ಇಲ್ಲ ಅಜ್ಜಿ, ಅಭ್ಯಾಸಕ್ಕೆ. ಬೇಸಿಗೆಗೆ ಜಪಾನಿಗೆ ಹೋಗುತ್ತೇವೆ."

"ಅಲ್ಲೂ ಇಂಗೇ ಕೈ ಅಡ್ಡ ಆಕ್ತಾರಾ?"

"ಇಲ್ಲ. ಅಲ್ಲಿ ಯಾರೂ ನಿಲ್ಲಿಸುವುದಿಲ್ಲ."

"ಅಂಗಾರೆ ನಿಮ್ಗೆ ದಾರಿ ಯೋಳೋರು ಯಾರವ್ವಾ?"

ನಾನು ಅಜ್ಜಿಯ ಅಡಿಯಿಂದ ನಕ್ಷೆಯನ್ನು ಎಳೆದು ತೋರಿಸಿದೆ. ಅಜ್ಜಿ ಅದನ್ನು ಮೇಲಿಂದ ಕೆಳಗೆ ನೋಡಿ, "ಇದಾ? ಇದೇನ್ ಯೋಳ್ತದೆ? ಗಾವಡಗೆರೆ ದಾರಿ ಆಗ್ಲೇ ಹಿಂದಕ್ಕೋಯ್ತಲ್ಲ" ಎಂದಿತು.

ಕಾರಿನಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ಮೇಷ್ಟ್ರಿಗೆ ಇತ್ತ ಏನೋ ಕೆಲಸವಿರಬೇಕೆಂದು ಸುಮ್ಮನಿದ್ದರಂತೆ.

"ಸಾಹೇಬ್ರೇ, ನೀವಾದರೂ ಹೇಳಬಾರದಿತ್ತೇ?" ಎಂದೆ ಸಿಟ್ಟಿನಿಂದ.

"ಹೇಳ್ಬಹುದಿತ್ತು ಅಮ್ಮಾವ್ರೇ. ಆದ್ರೆ ಈ ಸಣ್ಣ ರಸ್ತೇಲಿ ತಿರುಗಿಸ್ಬೇಕು ಅಂದ್ರೆ ಮೇಷ್ಟ್ರು ರಿವರ್ಸ್ ಹಾಕ್ಬೇಕಲ್ಲ. ಹೀಗೇ ಹೋದ್ರೆ ಎಲ್ಲಾದ್ರೂ ಒಂದು ಅಗಲವಾದ ಊರು ಸಿಗುತ್ತೆ ಅಂತ ಸುಮ್ನಿದ್ದೆ."

೪. ಆನೆ ಇಲ್ಲದ ಕಾಡು

ನಮ್ಮ ವಾರ್ಡಿನ ಆಯಾ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯವಳು. ನಾನು ಜಪಾನಿಗೆ ಹೋಗುವುದು ಅವಳಿಗೆ ಹಿಡಿಸಿರಲಿಲ್ಲ. ಅಲ್ಲಿ ಭೂಮಿ ನಡುಗುತ್ತದೆಂದು ಯಾರೋ ಹೇಳಿದ್ದಾರೆಂದು ಮೊದಮೊದಲು ಅತ್ತಳು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು.

"ನಡುಗ್ಲಿ ಬುಡಿ ಅಮ್ಮಾ. ಮನೆ ಪಕ್ಕ ಆನೆ ಓದ್ರೂ ನಡುಗ್ತದೆ. ಅಲ್ಲಿ ಆನೆ ಅವಾ?"

"ಇಲ್ಲ."

"ಕಾಡು ಅದೆ ಅಂದ್ರಿ?"

"ಕಾಡಿದೆ. ಆನೆ ಇಲ್ಲ."

ಅವಳು ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟಳು. "ಮತ್ತೆ ಮೇಷ್ಟ್ರು ಯಾಕಮ್ಮಾ ಅಷ್ಟು ಕಷ್ಟ ಬಿದ್ದು ಹಿಂದಕ್ಕೋಡ್ಸೋದ ಕಲೀತಾವ್ರೆ? ನಮ್ ಕಡೆ ಜೀಪಿನೋರು ಹಿಂದಕ್ಕೋಡ್ಸೋದು ಆನೆ ಬಂದ್ರೆ ಮಾತ್ರ."

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಊಟ ಬಿಟ್ಟು ಎದ್ದು ನಿಂತರು. "ನೋಡು! ಆರು ತಿಂಗಳಿಂದ ನನಗೆ ರಿವರ್ಸ್ ಬರ್ತಿಲ್ಲ ಅಂತಿದ್ದೀಯಲ್ಲ. ಒಂದು ಆನೆ ತೋರಿಸಿದ್ದೀಯಾ?"

೫. ಹುರುಳಿ

ಸಂಕ್ರಾಂತಿ ಕಳೆದಿತ್ತು. ಲೈಸೆನ್ಸ್ ಕೊಡುವ ಇನ್ಸ್‌ಪೆಕ್ಟರು ಹುಣಸೂರಿಗೆ ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಹೊಳೆಯುವ ಷೂ, ಮುಖದಲ್ಲಿ ನಗುವಿಲ್ಲ. ನನಗೆ ನೋಡಿದ ಕೂಡಲೇ ಗೌರವ ಬಂತು, ಇವರಿಗೆ ಬೆವರು ಬಂತು. ಈ ಸಲ ತಪ್ಪಿದರೆ ಮತ್ತೆ ಪರೀಕ್ಷೆಗೆ ಕಾಯುವಷ್ಟು ಸಮಯವಿರಲಿಲ್ಲ. ಟಿಕೆಟ್ಟು ತೆಗೆಸಲು ಜಪಾನಿನವರು ನಮ್ಮ ತಂತಿಗಾಗಿ ಕಾಯುತ್ತಿದ್ದರು.

ಸಾಹೇಬರೂ ನಾನೂ ಹಿಂದೆ ಕುಳಿತೆವು. ಇನ್ಸ್‌ಪೆಕ್ಟರು ಇವರ ಪಕ್ಕದಲ್ಲಿ.

"ನಾನು ಹೇಳುವವರೆಗೆ ಎಲ್ಲೂ ನಿಲ್ಲಿಸಕೂಡದು. ಕೊನೆಗೆ ರಿವರ್ಸ್ ನೋಡ್ತೀನಿ" ಎಂದರು.

ಬಿಳಿಕೆರೆಯ ದಾರಿ ಬಿಟ್ಟು ಒಂದು ಹಳ್ಳಿಯ ರಸ್ತೆಗೆ ತಿರುಗಿದ್ದೇ ತಡ, ಮುಂದೆ ಟಾರೇ ಕಾಣಲಿಲ್ಲ. ರಸ್ತೆಯುದ್ದಕ್ಕೂ ಹುರುಳಿ ಹರಡಿತ್ತು. ನಮ್ಮ ಕಡೆಯ ಸುಗ್ಗಿಯನ್ನು ಕಂಡವರಿಗೆ ಇದು ಗೊತ್ತು. ಕಿತ್ತ ಹುರುಳಿಯನ್ನು ಗಿಡದ ಸಮೇತ ರಸ್ತೆಗೆ ಹಾಸಿಬಿಡುತ್ತಾರೆ. ಬಸ್ಸು ಲಾರಿಗಳು ಓಡಾಡಿ ಕಾಯಿ ಒಡೆದು ಕಾಳು ಉದುರಿಸುತ್ತವೆ. ಚಕ್ರ ಇರುವವರೆಲ್ಲ ಆ ದಿನಗಳಲ್ಲಿ ರೈತರ ಎತ್ತುಗಳೇ.

ನಡುರಸ್ತೆಯಲ್ಲಿ ಒಬ್ಬ ರೈತ ಎರಡೂ ಕೈ ಚಾಚಿ ನಿಂತಿದ್ದ. ಇವರು ನಿಲ್ಲಿಸಿದರು.

"ನಾನು ಹೇಳಿದೆನಾ ನಿಲ್ಲಿಸಿ ಅಂತ?" ಎಂದರು ಇನ್ಸ್‌ಪೆಕ್ಟರು. ಹೋಯಿತು ಜಪಾನು.

ರೈತ ಕಿಟಕಿಗೆ ತಲೆ ಹಾಕಿದ. "ಓ, ನಮ್ ಮೇಷ್ಟ್ರು! ಸಾ, ಬೆಳಗಿಂದ ಒಂದು ಬಸ್ಸೂ ಬಂದಿಲ್ಲ. ಮ್ವಾಡ ಬೇರೆ ಮುಚ್ಕತಾ ಅದೆ. ನೆಂದೋದ್ರೆ ವರ್ಸದ ಉಳ್ಳಿ ಓದಂಗೆಯ. ಇಂಗೇ ಒಂದ್ಸಲ ಅತ್ತಾಗೆ ಇತ್ತಾಗೆ ಓಡಾಡ್ಬುಡಿ ಸಾ."

ಇವರು ತಪ್ಪು ಮಾಡಿದ ಹುಡುಗನಂತೆ ಇನ್ಸ್‌ಪೆಕ್ಟರ ಮುಖ ನೋಡಿದರು. ಇನ್ಸ್‌ಪೆಕ್ಟರು ಬಾಗಿಲು ತೆಗೆದು ಇಳಿದರು. ಬಗ್ಗಿ ಒಂದು ಕಾಯಿ ಎತ್ತಿಕೊಂಡು ಬೆರಳಲ್ಲಿ ಹಿಚುಕಿದರು. ಒಂದು ಕಾಳು ಬಾಯಿಗೆ ಹಾಕಿ ಕಟಂ ಎಂದು ಕಡಿದರು. ಆಮೇಲೆ ತಲೆಯೆತ್ತಿ ಮೋಡ ನೋಡಿದರು.

"ಚೆನ್ನಾಗಿ ಒಣಗಿದೆ. ಇನ್ನು ತಡ ಮಾಡಿದರೆ ಕೆಟ್ಟಿತು. ಏನ್ ಮೇಷ್ಟ್ರೇ ನೋಡ್ತಾ ಕೂತಿದ್ದೀರಿ? ಮುಂದಕ್ಕೆ ತಗೊಳ್ಳಿ!"

ಇವರು ಹುರುಳಿಯ ಆ ತುದಿಯವರೆಗೆ ಹೋದರು. "ಈಗ ಹಿಂದಕ್ಕೆ!" ಎಂದು ಕೂಗಿದರು ಇನ್ಸ್‌ಪೆಕ್ಟರು.

ಅದನ್ನು ರಿವರ್ಸ್ ಎಂದು ಯಾರೂ ಕರೆಯಲಿಲ್ಲ, ನೋಡಿ. ಇವರಿಗೆ ಅದು ಹುರುಳಿ ಒಕ್ಕುವ ಕೆಲಸ. ಕನ್ನಡಿಯ ತಂಟೆಗೇ ಹೋಗದೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹರಡಿದ ಹುರುಳಿಯ ಅಂಚನ್ನೇ ನೋಡುತ್ತಾ, ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಹಿಂದಕ್ಕೆ ಬಂದರು. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. "ಎಡಕ್ಕೆ ಬರ್ಲಿ, ಆ ಕಡೆ ಕಾಯಿ ಒಡೆದಿಲ್ಲ!" ಎನ್ನುತ್ತಾರೆ ಇನ್ಸ್‌ಪೆಕ್ಟರು. "ಯಾ ಅಲ್ಲಾ, ನನ್ನ ಸೈಲೆನ್ಸರ್!" ಎಂದು ತಲೆ ಹಿಡಿದುಕೊಳ್ಳುತ್ತಾರೆ ಹಿಂದಿನ ಸೀಟಿನ ಸಾಹೇಬರು. ನಾನು ಇಳಿದು ರಸ್ತೆಯ ತಿರುವಿನಲ್ಲಿ ನಿಂತು, ಎದುರು ಬಂದ ಎತ್ತಿನ ಗಾಡಿಗಳನ್ನು ಒಂದು ಬದಿಗೆ ಸಾಲಾಗಿ ನಿಲ್ಲಿಸಿದೆ. ಯಾವ ಕೆಲಸವಾದರೂ ಒಂದು ಶಿಸ್ತು ಬೇಕು.

ರೈತನಿಗೆ ಇನ್ಸ್‌ಪೆಕ್ಟರು ಯಾರೆಂದು ಗೊತ್ತಿರಲಿಲ್ಲ. ಒಂದು ಕವೆಗೋಲು ತಂದು ಅವರ ಕೈಗಿತ್ತ. "ಸುಮ್ನೆ ನಿಂತ್ಕಂಡು ಕೂಗೋ ಬದ್ಲು ಆ ಕಡೆಯಿಂದ ಮಗುಚ್ಕಂಡ್ ಬನ್ನಿ ಅಣ್ಣಾ."

ಇನ್ಸ್‌ಪೆಕ್ಟರು ಪ್ಯಾಂಟು ಮಡಿಸಿಕೊಂಡರು. ಬೇಸಾಯಗಾರರ ಮನೆಯಲ್ಲಿ ಹುಟ್ಟಿದವರೆಂದು ಕೋಲು ಹಿಡಿದ ರೀತಿಯಲ್ಲೇ ತಿಳಿಯಿತು. ಕಾರು ಮುಂದೆ ಹೋದ ಕೂಡಲೇ ಎತ್ತಿ ಮಗುಚುವರು, ಬರುವಷ್ಟರಲ್ಲಿ ಪಕ್ಕಕ್ಕೆ ಸರಿಯುವರು. ಹೊಳೆಯುವ ಷೂ ಹೊಟ್ಟಿನಲ್ಲಿ ಮುಳುಗಿತ್ತು.

ಕಾಳೆಲ್ಲ ಉದುರಿತು. ಮಳೆ ಬರಲಿಲ್ಲ. ಕಾರಿನ ಮುಂದೆ ಹಿಂದೆಲ್ಲ ಹುರುಳಿ ಬಳ್ಳಿ ಜೋತಾಡುತ್ತಾ ಮದುವೆ ದಿಬ್ಬಣದ ಕಾರಿನಂತೆ ಕಾಣುತ್ತಿತ್ತು. ಇನ್ಸ್‌ಪೆಕ್ಟರು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು. ನಾನು ತಿರುವಿನಿಂದ ಬಂದು ಕೇಳಿದೆ:

"ಸಾರ್, ಇನ್ನು ರಿವರ್ಸ್ ಪರೀಕ್ಷೆ?"

"ಇನ್ನು ಯಾವ ರಿವರ್ಸ್ ಅಮ್ಮಾ? ಇಷ್ಟು ರಿವರ್ಸ್ ಹೋದವರನ್ನು ನನ್ನ ಸರ್ವೀಸಿನಲ್ಲಿ ನೋಡಿಲ್ಲ. ಪಾಸ್!"

ಎದೆಯ ಮೇಲಿದ್ದ ಒರಳುಕಲ್ಲು ಇಳಿದ ಹಾಗಾಯಿತು. ಜಪಾನ್ ಉಳಿಯಿತು, ನನ್ನ ಮಾತೂ ಉಳಿಯಿತು. ಇವರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. ನಾನು ರೈತನ ಹತ್ತಿರ ಹೋಗಿ, "ನಿಮ್ಮಿಂದ ದೊಡ್ಡ ಉಪಕಾರವಾಯಿತಪ್ಪ. ಬೇಸಿಗೆಗೆ ಇವರು ಜಪಾನಿನಲ್ಲಿ ಕಾರು ಓಡಿಸುತ್ತಾರೆ" ಎಂದೆ.

"ಓಡಿಸ್ಲಿ ಬುಡಿ ತಾಯಿ, ಸಂತೋಸ" ಎಂದ ರೈತ. ಅವನ ಕಣ್ಣು ಮಾತ್ರ ಇನ್ಸ್‌ಪೆಕ್ಟರ ಮೇಲಿತ್ತು. ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದು ದನಿ ತಗ್ಗಿಸಿದ.

"ತಾಯಿ, ನಾಳೆ ರಸ್ತೆಗೆ ರಾಗಿ ಆಕ್ತೀನಿ. ಆ ಕೋಲು ಇಡ್ದಿದ್ದ ಅಣ್ಣ ಭಾರಿ ಕೆಲ್ಸಗಾರ. ಎಲ್ಲಾದ್ರೂ ಕೆಲ್ಸದ ಮೇಲವ್ರಾ, ಇಲ್ಲ ಖಾಲಿ ಅವ್ರಾ?"