ಅಕ್ಕಿಕಾಳಿಗೆ ಅಡ್ಡ ಬಂದ ಇಲೆಕ್ಷನ್

ನಮ್ಮ ಇಂಡಿ ಸೀಮೆಯಲ್ಲಿ ಮಳೆಯನ್ನು ನಂಬುವಂತಿಲ್ಲ, ಬಸ್ಸನ್ನು ನಂಬುವಂತಿಲ್ಲ. ಇಲೆಕ್ಷನ್ನನ್ನು ಮಾತ್ರ ಕಣ್ಣು ಮುಚ್ಚಿ ನಂಬಬಹುದು. ಅದು ಬಂದೇ ಬರುತ್ತದೆ, ಬಂದಾಗಲೆಲ್ಲ ಒಂದು ಹೊಸ ಫಜೀತಿ ಹೊತ್ತುಕೊಂಡೇ ಬರುತ್ತದೆ. ದೊಡ್ಡ ಇಲೆಕ್ಷನ್‌ಗಳಲ್ಲಿ ಏನೂ ಮಜಾ ಇಲ್ಲ ಬಿಡಿ. ನಿಂತವರು ನಮಗೆ ಗೊತ್ತಿಲ್ಲ, ನಾವು ನಿಂತವರಿಗೆ ಗೊತ್ತಿಲ್ಲ. ಮಜಾ ಇರುವುದು ಗ್ರಾಮ ಪಂಚಾಯಿತಿಯದರಲ್ಲಿ. ಅದರಲ್ಲೂ ಅವಧಿಯ ನಡುವೆ ಒಂದೇ ಒಂದು ಖುರ್ಚಿಗಾಗಿ ಒಂದೇ ವಾರ್ಡಿನಲ್ಲಿ ನಡೆಯುತ್ತದಲ್ಲ, ಅದರಲ್ಲಿ.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಲಿಂಬೆಹಣ್ಣಿನ ವ್ಯಾಪಾರಿ. ಸಿಂದಗಿಯಿಂದ ಬಸವನ ಬಾಗೇವಾಡಿವರೆಗೆ ನನ್ನ ಹಣ್ಣಿನ ಹುಳಿ ಕಾಣದ ನಾಲಿಗೆ ಇರಲಿಲ್ಲ. ಮುದ್ದೇಬಿಹಾಳದ ಒಬ್ಬ ಗಿರಾಕಿ ನನ್ನ ಹಣ್ಣು ಮೂಸಿಯೇ ಚಳಿಜ್ವರ ಬಿಡಿಸಿಕೊಂಡಿದ್ದ. ಸುಳ್ಳೆನಿಸಿದರೆ ಅವನನ್ನೇ ಕೇಳಿ, ಸಿಕ್ಕರೆ. ಅಂಥ ನಾನು ಒಂದು ಓಟಿನ ಮುಂದೆ ಹೇಗೆ ಒದ್ದಾಡಿದೆ ಎಂಬುದನ್ನು ಕೇಳಿರಿ.

ಖಾಲಿಯಾದ ಖುರ್ಚಿ

ನಮ್ಮ ವಾರ್ಡಿನ ಮೆಂಬರು ಸೊಲ್ಲಾಪುರದ ಮಗಳ ಮನೆಗೆ ನಾಲ್ಕು ದಿನ ಇದ್ದು ಬರುತ್ತೇನೆಂದು ಹೋದವರು, ಅಲ್ಲಿಯ ನೀರು ಹಿಡಿಸಿ, ಅಲ್ಲಿಂದಲೇ ರಾಜೀನಾಮೆ ಕಳಿಸಿಬಿಟ್ಟರು. ಆ ಖುರ್ಚಿಗೆ ಇಬ್ಬರು ನಿಂತರು. ಒಬ್ಬ ನನ್ನ ಹೆಂಡತಿಯ ತಮ್ಮ. ಇನ್ನೊಬ್ಬರು ನನ್ನ ಹೊಸ ಬೀಗರು.

ಹೊಸ ಬೀಗರು ಅಂದರೆ, ನನ್ನ ಮಗಳನ್ನು ಅವರ ಮಗನಿಗೆ ಕೊಡುವುದೆಂದು ನಿಶ್ಚಯವಾಗಿ ಸಕ್ಕರೆ ಹಂಚಿ ಆಗಿತ್ತು. ಇಲೆಕ್ಷನ್ ಮುಗಿದ ವಾರಕ್ಕೆ ಲಗ್ನ, ಅಕ್ಕಿಕಾಳು ಬೀಳುವುದು. ಹೆಂಡತಿಯ ತವರೂ ಇದೇ ಊರು, ಎರಡು ಓಣಿ ಆಚೆ. ನಮ್ಮ ವಾರ್ಡೇ ಹಾಗೆ. ಯಾರನ್ನಾದರೂ ಬೈಯಬೇಕೆಂದರೆ ಮೊದಲು ಅವರು ನಮಗೆ ಏನಾಗಬೇಕು ಎಂದು ಲೆಕ್ಕ ಹಾಕಬೇಕು. ಲೆಕ್ಕ ಮುಗಿಯುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ.

ಸುದ್ದಿ ಕೇಳಿದ ದಿನವೇ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು: "ಏನ್ರಿ, ನನ್ನ ತಮ್ಮಗ ಓಟು ಹಾಕಲಿಲ್ಲಂದ್ರ ಅವ ಲಗ್ನಕ್ಕ ಬರೂದಿಲ್ಲ ಅಂದಾನ. ಹೇಳೇನಿ ನೋಡ್ರಿ."

ನಮ್ಮಲ್ಲಿ ಮದುಮಗಳ ಬೆನ್ನಿಗೆ ಸೋದರಮಾವ ನಿಲ್ಲದೆ ಅಕ್ಕಿಕಾಳು ಬೀಳುವುದಿಲ್ಲ. ಸಂಜೆ ಬೀಗರು ಕಟ್ಟೆಯ ಮೇಲೆ ಸಿಕ್ಕರು. ಬಹಳ ಮರ್ಯಾದಸ್ಥರು, ಏರುದನಿಯಲ್ಲಿ ಮಾತಾಡುವವರಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಅಂದರು: "ಬೀಗ್ರ, ನಿಮ್ಮ ಮನಿ ಓಟ ನನಗ ಬೀಳಲಿಲ್ಲಂದ್ರ ನಾನೇನೂ ಅನ್ನಾಂವಲ್ರಿ. ಲಗ್ನ ಒಂದ್ ಎರಡು ವರ್ಷ ಮುಂದ ಹಾಕೂಣು, ಅಷ್ಟ."

ಒಬ್ಬನನ್ನು ಬಿಟ್ಟರೆ ಮದುಮಗಳಿಗೆ ಸೋದರಮಾವನಿಲ್ಲ, ಇನ್ನೊಬ್ಬರನ್ನು ಬಿಟ್ಟರೆ ಮದುಮಗನೇ ಇಲ್ಲ. ಇಡೀ ದೇಶ ನಡೆಸುವ ಪ್ರಧಾನಿಗೂ ಇಷ್ಟು ಕಷ್ಟದ ಖಾತೆ ಸಿಕ್ಕಿರಲಿಕ್ಕಿಲ್ಲ.

ಸುಸಲಾ

ಆಗಿನ ಇಲೆಕ್ಷನ್ ಅಂದರೆ ಚಹಾ ಮತ್ತು ನೆನೆಸಿ ಒಗ್ಗರಣೆ ಹಾಕಿದ ಚುರಮರಿಯ ಸುಸಲಾ. ಈಗಿನವರಿಗೆ ಅದರ ಬೆಲೆ ಗೊತ್ತಿಲ್ಲ. ಮುಂಜಾನೆ ಓಣಿಗೆ ಹೊಕ್ಕರೆ ಎರಡೂ ಮನೆಗಳಿಂದ ಒಗ್ಗರಣೆಯ ವಾಸನೆ ಎದುರುಬದುರಾಗಿ ಬಂದು ನಡುದಾರಿಯಲ್ಲಿ ಜಗಳಾಡುತ್ತಿತ್ತು. ಯಾರು ಯಾರ ಮನೆಯಲ್ಲಿ ತಿಂದರು ಎಂಬುದನ್ನು ನೋಡಿಯೇ ಓಟಿನ ಅಂದಾಜು.

ನಾನು ತಕ್ಕಡಿ ಹಿಡಿದವನು. ಬೀಗರ ಮನೆಯಲ್ಲಿ ಒಂದು ತಾಟು ತಿಂದರೆ ಹೆಂಡತಿಯ ತಮ್ಮನ ಮನೆಯಲ್ಲಿಯೂ ಒಂದು ತಾಟು. ಅಲ್ಲಿ ಮಿರ್ಚಿ ಭಜಿ ಇಟ್ಟರೆ ಇಲ್ಲಿಯೂ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ನ್ಯಾಯ ಅಂದರೆ ನ್ಯಾಯ. ವಾರದೊಳಗೆ ನನ್ನ ಹೊಟ್ಟೆ ನಗಾರಿಯಾಯಿತು. ಇಂಡಿಯ ಡಾಕ್ಟರರು ಬೆರಳಿನಿಂದ ಬಡಿದು ನೋಡಿ ಕೇಳಿದರು: "ಏನ್ ತಿಂದೀರಿ?"

"ಇಲೆಕ್ಷನ್ ರೀ."

"ಹಂಗಾರ ಔಷಧ ಕೊಡೂದಿಲ್ಲ. ಎಣಿಕೆ ಆದಮ್ಯಾಲೆ ತಾನ ಇಳೀತೈತಿ, ಹೋಗ್ರಿ."

ವಿಭೂತಿ ಗಟ್ಟಿ

ಆಗ ಓಟಿನ ಚೀಟಿಯ ಮೇಲೆ ಗುರುತು ನೋಡಿ ಶಿಕ್ಕಾ, ಅಂದರೆ ಮುದ್ರೆ, ಹೊಡೆಯುವುದು; ಹೆಂಡತಿಯ ತಮ್ಮನ ಗುರುತು ಹೊಲಿಗೆ ಮಷೀನು, ಬೀಗರದು ಛತ್ರಿ. ಪ್ರಚಾರ ಮುಗಿಯುವ ದಿನ ಹೆಂಡತಿಯ ತಮ್ಮ ಬಂದ. ಕೈಯಲ್ಲಿ ವಿಭೂತಿ ಗಟ್ಟಿ. ಅದನ್ನು ಮುಟ್ಟಿ ಮಾತು ಕೊಟ್ಟರೆ ಮುಗಿಯಿತು, ಮತ್ತೆ ತಿರುಗುವಂತಿಲ್ಲ.

"ಮಾವಾರ, ಇದನ್ನ ಮುಟ್ಟಿ ಹೇಳ್ರಿ. ನನ್ನ ಹೊಲಿಗಿ ಮಷೀನಿಗೆ ಶಿಕ್ಕಾ ಹೊಡೀತೀರೋ ಇಲ್ಲೋ?"

"ಹೊಡೀತೇನಿ ತಮ್ಮಾ," ಎಂದು ಮುಟ್ಟಿದೆ.

ಅವನು ಮುಂದಿನ ಬಾಗಿಲಿನಿಂದ ಹೋದ. ಹಿತ್ತಲ ಬಾಗಿಲಿನಿಂದ ಬೀಗರು ಬಂದರು. ಅವರ ಕೈಯಲ್ಲೂ ವಿಭೂತಿ ಗಟ್ಟಿ, ಇನ್ನೂ ದೊಡ್ಡದು.

"ಬೀಗ್ರ, ನಮ್ಮ ಛತ್ರಿಗೆ ಶಿಕ್ಕಾ?"

"ಹೊಡೀತೇನ್ರಿ," ಎಂದು ಅದನ್ನೂ ಮುಟ್ಟಿದೆ.

ಅವರು ಹೋದಮೇಲೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇರೂದು ಒಂದ್ ಓಟು. ಇಬ್ಬರಿಗೂ ಆಣಿ ಮಾಡೀರಿ. ಏನ್ ಓಟಿನ ಚೀಟಿ ಹರದು ಹಂಚವ್ರೇನು?"

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ನಾನು ವಕೀಲನಾಗಬೇಕಾದವನು, ಲಿಂಬೆಹಣ್ಣು ನನ್ನನ್ನು ಬಿಡಲಿಲ್ಲ. ಮಷೀನಿಗೆ ಹೊಡೆಯುತ್ತೇನೆ ಎಂದೆ, ಛತ್ರಿಗೆ ಹೊಡೆಯುತ್ತೇನೆ ಎಂದೆ. ಇನ್ನೊಬ್ಬರಿಗೆ ಹೊಡೆಯುವುದಿಲ್ಲ ಎಂದು ಯಾರಿಗೆ ಹೇಳಿದೆ? ಅಂದರೆ ಎರಡಕ್ಕೂ ಹೊಡೆದರೆ ಎರಡು ಆಣೆಯೂ ಪೂರ್ತಿ! ಓಟು ಕೆಡುತ್ತದೆ, ನಿಜ. ಕೆಟ್ಟರೆ ಓಟು ಕೆಟ್ಟಿತು, ನನ್ನ ಮಾತು ಕೆಡಲಿಲ್ಲವಲ್ಲ! ಇಂಥ ಯುಕ್ತಿ ಭೂಮಿಯ ಮೇಲೆ ನನಗೊಬ್ಬನಿಗೇ ಹೊಳೆದಿದೆ ಎಂಬ ಹೆಮ್ಮೆಗೆ ಆ ದಿನ ಊಟವೂ ಬೇಕಾಗಲಿಲ್ಲ. ಸುಸಲಾ ತಿಂದು ಹೊಟ್ಟೆಯಲ್ಲಿ ಜಾಗವಿರಲಿಲ್ಲ ಎಂಬುದು ಬೇರೆ ಮಾತು.

ವಿಮಾನ ಹತ್ತಿದ ಗಿರಣಿಯವ

ಮೂರನೆಯವನೊಬ್ಬ ನಿಂತಿದ್ದ, ಅವನನ್ನು ಹೇಳಲು ಮರೆತೆ. ಇಡೀ ವಾರ್ಡೇ ಮರೆತಿತ್ತು ಅನ್ನಿ. ಹಿಟ್ಟಿನ ಗಿರಣಿಯವನು. ಅವನ ಗುರುತು ವಿಮಾನ. ಮಳೆಗಾಲದಲ್ಲಿ ಎತ್ತಿನ ಗಾಡಿಯೂ ಬಾರದ ನಮ್ಮ ಓಣಿಗೆ ವಿಮಾನ!

ಜೋಳ ಬೀಸಿಸಲು ಹೋದಾಗ ಕೇಳಿದೆ: "ಅಲ್ಲೋ, ನಿಂತೀದಿ ಅಂತಾರ. ಪ್ರಚಾರ ಇಲ್ಲ, ಚಹಾ ಇಲ್ಲ. ಯಾಕ್ ನಿಂತಿಯೋ ಮಾರಾಯಾ?"

ಅವನು ಮೈಯೆಲ್ಲ ಹಿಟ್ಟು ಮಾಡಿಕೊಂಡು, ಗಿರಣಿಯ ಸದ್ದಿನಲ್ಲಿ ಕೂಗಿ ಹೇಳಿದ: "ಕಾಕಾ, ನನಗ ಒಬ್ಬರು ದೊಡ್ಡಪ್ಪ ಆಗಬೇಕು, ಒಬ್ಬಾಂವ ಷಡ್ಡಕ. ಇಬ್ಬರೂ ಓಟು ಕೇಳಾಕ ಬರ್ತಾರ. ಇಲ್ಲಾ ಅನ್ನೂದು ಹ್ಯಾಂಗ? ಅದಕ್ಕ ನಾನೂ ನಿಂತ್ಬಿಟ್ಟೆ. ಈಗ ಯಾರರ ಬಂದ್ರ, 'ನಾನ ನಿಂತೇನ್ರಿ, ನನ್ನ ಓಟು ನನಗ ಬೇಕಲ್ರಿ' ಅಂತೇನಿ. ಮುಗದು ಹೋತು!"

ನನಗೆ ಹೊಟ್ಟೆಕಿಚ್ಚಾಯಿತು. ಒಂದು ಓಟು ಉಳಿಸಿಕೊಳ್ಳಲು ಇಲೆಕ್ಷನ್ನಿಗೇ ನಿಂತ ಜಾಣ, ನಾನು ಹುಟ್ಟಿದ ಊರಿನಲ್ಲಿ, ನಾನಲ್ಲದೆ ಬೇರೆಯವನು!

ಠಪ್, ಠಪ್

ಓಟಿನ ಮುಂಜಾನೆ ಮನೆಯ ಮುಂದೆ ಎರಡು ಜೀಪು. ಓಟು ಹಾಕುವ ಸಾಲಿ ನಮ್ಮ ಮನೆಯ ಎದುರಿಗೇ. ನಮ್ಮ ಅಂಗಳದಲ್ಲಿ ಕೆಮ್ಮಿದರೆ ಮಾಸ್ತರರು ಪಾಠ ನಿಲ್ಲಿಸುತ್ತಿದ್ದರು, ಅಷ್ಟು ಹತ್ತಿರ. ಆದರೂ ಜೀಪಿನಲ್ಲಿ ಕೂರದಿದ್ದರೆ ಅವಮಾನ. ಹೋಗುವಾಗ ಬೀಗರ ಜೀಪಿನಲ್ಲಿ ಕುಳಿತು ಊರು ಸುತ್ತಿ ಎದುರಿನ ಸಾಲಿಗೆ ಇಳಿದೆ. ಬರುವಾಗ ಹೆಂಡತಿಯ ತಮ್ಮನ ಜೀಪಿನಲ್ಲಿ ಇನ್ನೊಂದು ಕಡೆಯಿಂದ ಊರು ಸುತ್ತಿ ಮನೆಗೆ ಬಂದೆ. ನಡುವೆ ಓಟು ಹಾಕಿದೆ.

ರಟ್ಟಿನ ಮರೆಯ ಹಿಂದೆ ನಿಂತು ಮಷೀನಿನ ಮೇಲೆ ಠಪ್, ಛತ್ರಿಯ ಮೇಲೆ ಠಪ್. ಯಾರಿಗೂ ಹೆಚ್ಚುಕಡಿಮೆಯಾಗಬಾರದೆಂದು ಎರಡಕ್ಕೂ ಒಂದೇ ತೂಕದಲ್ಲಿ ಹೊಡೆದೆ.

ಹೊರಗೆ ಬಂದರೆ ಬಾಗೇವಾಡಿ ಕಡೆಯಿಂದ ಡ್ಯೂಟಿಗೆ ಬಂದಿದ್ದ ಅಧಿಕಾರಿ ಮಾಸ್ತರರು ಕನ್ನಡಕ ಏರಿಸಿ ನೋಡಿದರು. "ಯಜಮಾನ್ರ, ಏನ್ ನಿಮ್ಮೂರ ಪದ್ಧತಿರಿ ಇದು? ಮುಂಜಾನಿಂದ ಒಳಗ ಹೋದವರೆಲ್ಲಾ ಎರಡೆರಡು ಸಲ ಬಡಿಯಾಕತ್ತೀರಿ. ಶಿಕ್ಕಾ ಮುರದ್ರ ಸರಕಾರಕ್ಕ ನಾ ಏನ್ ಹೇಳ್ಲಿ?"

"ಮಸಿ ಸರಿ ಹತ್ತೂದಿಲ್ರಿ," ಎಂದು ಹೇಳಿ ಜಾರಿಕೊಂಡೆ. ಅವರ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ಜಾಣತನ ಒಬ್ಬನಿಗೇ ಇದೆ ಎಂದು ನಂಬಿದವನಿಗೆ ಕಿವಿ ಸ್ವಲ್ಪ ಮಂದವಾಗುತ್ತದೆ.

ಎಣಿಕೆ

ಎಣಿಕೆ ಇಂಡಿಯಲ್ಲಿ. ಒಂದು ಟಂಟಂ ಗಾಡಿ ತುಂಬ ನಾವು. ಮುಂದೆ ಬೀಗರು, ಹಿಂದೆ ಹೆಂಡತಿಯ ತಮ್ಮ, ನಡುವೆ ನಾನು, ಎರಡೂ ಕಡೆಗೆ ಸಮನಾಗಿ ನಗುತ್ತ. ಗಿರಣಿಯವನು ಬರಲಿಲ್ಲ. ಕರೆಂಟು ಬಂದಿತ್ತು, ಬೀಸುವುದಿತ್ತು.

ಅಧಿಕಾರಿ ಮೊದಲ ಚೀಟಿ ಬಿಚ್ಚಿ ಎತ್ತಿ ಹಿಡಿದರು. ಮಷೀನಿಗೂ ಶಿಕ್ಕಾ, ಛತ್ರಿಗೂ ಶಿಕ್ಕಾ. "ಕುಲಗೆಟ್ಟ ಮತ," ಎಂದು ಪಕ್ಕಕ್ಕೆ ಹಾಕಿದರು. ನನ್ನದೇ! ಮೊದಲನೆಯದೇ ನನ್ನದು ಬರಬೇಕೇ! ಬೀಗರು ಒಂದು ಕಡೆಯಿಂದ, ಹೆಂಡತಿಯ ತಮ್ಮ ಇನ್ನೊಂದು ಕಡೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದಾರೆ ಅನಿಸಿ, ಗೋಡೆಯ ಮೇಲಿನ ಹಲ್ಲಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಎರಡನೆಯದು ಬಿಚ್ಚಿದರು. ಅದಕ್ಕೂ ಎರಡು ಶಿಕ್ಕಾ. ಅರೆ, ಹಾಗಾದರೆ ನನ್ನದು ಇದೋ? ಮೂರನೆಯದಕ್ಕೂ ಎರಡು. ಆಮೇಲೆ ಅಧಿಕಾರಿ "ಕುಲಗೆಟ್ಟ ಮತ" ಎನ್ನುವುದನ್ನೇ ಬಿಟ್ಟು ಬರೀ ಪಕ್ಕಕ್ಕೆ ಹಾಕತೊಡಗಿದರು. ಕೆಟ್ಟ ಓಟಿನ ರಾಶಿ ಕಣದ ಜೋಳದಂತೆ ಏರಿತು. ಮಷೀನಿನ ಕಟ್ಟೂ ತೆಳ್ಳಗೆ, ಛತ್ರಿಯ ಕಟ್ಟೂ ತೆಳ್ಳಗೆ. ನಮ್ಮ ಸಂಬಂಧದ ಗೊಡವೆಯಿಲ್ಲದ ಮನೆಗಳ ಓಟು ಮಾತ್ರ ಒಂದೊಂದಾಗಿ ವಿಮಾನಕ್ಕೆ ಬೀಳುತ್ತ ಹೋದವು. ಅವರಿಗೆ ಯಾರೂ ವಿಭೂತಿ ಗಟ್ಟಿ ಹಿಡಿದಿರಲಿಲ್ಲ, ಪಾಪ. ಹಿಟ್ಟು ನುಣ್ಣಗೆ ಬೀಸುತ್ತಾನೆಂದು ಹಾಕಿದ್ದರು.

ವಿಮಾನ ಗೆದ್ದಿತು.

ಅಧಿಕಾರಿ ಬೆವರು ಒರೆಸಿಕೊಂಡು ಕೇಳಿದರು: "ಯಾವ ಊರ್ರಿ ನಿಮ್ಮದು? ಯಾರಿಗೂ ಇಲ್ಲಾ ಅನ್ನಾಕ ಬರೂದಿಲ್ಲೇನು ನಿಮ್ಮ ಮಂದಿಗೆ?"

ನಾವು ಗೆಲುವಿನ ಸುದ್ದಿ ಹೇಳಲು ನೇರ ಗಿರಣಿಗೆ ಹೋದೆವು. ಅವನು ಗಿರಣಿ ಬಂದ್ ಮಾಡಿ, ಹಿಟ್ಟಿನ ಮುಖ ಕೆಂಪಾಗಿಸಿಕೊಂಡು ನನ್ನ ಕೈ ಹಿಡಿದ: "ಕಾಕಾ, ಮತ್ತೊಮ್ಮೆ ಎಣಸಾಕ ಹೇಳ್ರಿ. ನಾ ಸೋತಿರಬೇಕು, ಸರಿ ನೋಡಿಲ್ಲ ಅವರು!"

ಅಕ್ಕಿಕಾಳು

ಇನ್ನು ಲಗ್ನದ ಮಾತು. ಗಿರಣಿಯಿಂದ ಮನೆಗೆ ಬಂದಮೇಲೂ ನನಗೆ ಅದೇ ಚಿಂತೆ. ಇಬ್ಬರೂ ಸೋತಿದ್ದಾರೆ, ಇಬ್ಬರಿಗೂ ಸಿಟ್ಟು ಬಂದರೆ ಸೋದರಮಾವನೂ ಇಲ್ಲ, ಮದುಮಗನೂ ಇಲ್ಲ. ಹೆಂಡತಿ ನೀರು ತಂದುಕೊಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿ ಪಿಸುಗುಟ್ಟಿದಳು: "ನಾನೂ ಎರಡಕ್ಕೂ ಹೊಡದೇನ್ರಿ."

"ನೀನ? ನಿನ್ನ ತಮ್ಮ ನಿಂತಾಗ?"

"ತಮ್ಮ ಖರೆ. ಮಗಳು ಬಾಳ್ವಿ ಮಾಡೂದು ಆ ಮನ್ಯಾಗ ಅಲ್ಲೇನು?"

ವಾರ ಕಳೆದು ಅಕ್ಕಿಕಾಳಿನ ದಿನ ಬಂತು. ಸೋದರಮಾವ ಹೊಸ ಪಟಕಾ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಬಂದು ಮದುಮಗಳ ಬೆನ್ನಿಗೆ ನಿಂತ. ಬೀಗರು ಮೆರವಣಿಗೆಯ ಮುಂದೆಯೇ ಬಂದರು. ಹಂದರದಲ್ಲಿ ಇಬ್ಬರೂ ಕೈ ಕೈ ಹಿಡಿದು ಮಾತಾಡಿದ್ದನ್ನು ಕಂಡು ನನಗೆ ದಿಗಿಲೇ ಆಯಿತು. ಸೋತವರು ಇಷ್ಟು ಖುಷಿಯಾಗಿರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಈಗ ಸೋತವರು ಗೆದ್ದವರ ಓಣಿಯಲ್ಲಿ ಕಾಲಿಡುವುದಿಲ್ಲ. ಆಗ ಗೆದ್ದ ಮೆಂಬರ ಸಾಹೇಬರು ನಮ್ಮ ಹಂದರದಲ್ಲಿ ಪಂಕ್ತಿಗೆ ಸಾರು ಬಡಿಸುತ್ತಿದ್ದರು.

ಅಕ್ಕಿಕಾಳು ಬಿದ್ದವು. ವಾಲಗದ ಸದ್ದಿನಲ್ಲಿ ಬೀಗರು ನನ್ನ ಕಿವಿಗೆ ಬಾಯಿ ಹಚ್ಚಿದರು: "ಬೀಗ್ರ, ಒಂದ್ ಮಾತು. ಯಾರ ಮುಂದೂ ಹೇಳಬ್ಯಾಡ್ರಿ. ಆ ಕೆಟ್ಟ ಓಟಿನಾಗ ನಂದೂ ಒಂದಿತ್ತು."

ನಾನು ಅವರ ತೋಳು ಹಿಡಿದು ಕೇಳಿದೆ: "ನಿಮ್ಮದ? ನೀವ ನಿಂತು, ನೀವ ಅವಗೂ ಹೊಡದ್ರೇನ್ರಿ?"

"ಏನ್ ಮಾಡೂದ್ರಿ? ನಿಮ್ಮ ಹೆಂಡರ ತಮ್ಮ ವಿಭೂತಿ ಗಟ್ಟಿ ಹಿಡಕೊಂಡು ನಮ್ಮ ಮನಿಗೂ ಬಂದಿದ್ದ. ಬಾಗಿಲಿಗೆ ಬಂದವಗ ಇಲ್ಲಾ ಅನ್ನಾಕ ಬರ್ತೈತೇನ್ರಿ?"

ನಾನು ಹೆಂಡತಿಯ ತಮ್ಮನತ್ತ ತಿರುಗಿದೆ. ಅವನು ಎಲ್ಲ ಕೇಳಿಸಿಕೊಂಡಿದ್ದ. ಪಟಕಾ ಸರಿಮಾಡಿಕೊಳ್ಳುತ್ತ, ನೆಲ ನೋಡುತ್ತ ಅಂದ:

"ಇಂಥಾ ಹಿರ್ಯಾರು ನನ್ನ ಗಟ್ಟಿ ಮುಟ್ಟಿ ಆಣಿ ಮಾಡಿದ ಮ್ಯಾಲ, ನಾ ಅವರ ಛತ್ರಿಗೂ ಒಂದ್ ಶಿಕ್ಕಾ ಹೊಡೀದ ಬಿಡಾಕ ಬರ್ತಿತ್ತೇನ್ರಿ ಮಾವಾರ?"